ಆಕ್ಸಿಡೇಟಿವ್ ಒತ್ತಡವನ್ನು ಜೀವಕೋಶ ಹೇಗೆ ಎದುರಿಸುತ್ತದೆ? ಎಲೆಕ್ಟ್ರಾನ್ ಲೆಕ್ಕ ಹಿಡಿದು ಹಂತ ಹಂತವಾಗಿ ತಿಳಿಯಿರಿ

"ಯಾವ ಆಂಟಿಆಕ್ಸಿಡೆಂಟ್ ತೆಗೆದುಕೊಂಡರೆ ಒಳ್ಳೆಯದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಆಂಟಿಆಕ್ಸಿಡೆಂಟ್ ಅಂದರೆ ಆಕ್ಸಿಡೀಕರಣದ ಹಾನಿಯನ್ನು ತಡೆಯುವ ವಸ್ತು. ವಿದ್ಯಾರ್ಥಿಗಳ ಪ್ರಶ್ನೆ ಸ್ವಲ್ಪ ಬೇರೆ: "ಎಸ್‌ಒಡಿ, ಕ್ಯಾಟಲೇಸ್, ಗ್ಲುಟಾಥಯೋನ್ ಅಂತ ಹೆಸರುಗಳೇನೋ ಬಾಯಿಪಾಠ ಆಗಿವೆ. ಆದರೆ ಒಂದಕ್ಕೊಂದು ಏನು ಸಂಬಂಧ?" ಮೊದಲು ಎರಡನೆಯದನ್ನು ಬಿಡಿಸಿಕೊಂಡರೆ ಮೊದಲನೆಯದಕ್ಕೆ ಉತ್ತರ ತಾನಾಗಿ ಸಿಗುತ್ತದೆ. ಹಾಗಾಗಿ ಈ ಲೇಖನ ಆ ಕ್ರಮದಲ್ಲೇ ಸಾಗುತ್ತದೆ.

ಜೀವಕೋಶದ ರಕ್ಷಣೆ ಯಾವುದೋ ಒಂದು ವಸ್ತುವಿನ ಕೆಲಸ ಅಲ್ಲ. ಒಬ್ಬರು ಅರ್ಧ ಮಾಡಿದ ಕೆಲಸವನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಉಳಿದವು ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನ ಕಮ್ಮಿ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಹಾಳೆ, ಒಂದು ಪೆನ್ನು. ಜೊತೆಗೆ ನಾಲ್ಕು ಪದಗಳ ಅರ್ಥ.

ಆಕ್ಸಿಡೀಕರಣ: ಒಂದು ಅಣು ತನ್ನ ಎಲೆಕ್ಟ್ರಾನ್ ಕಳೆದುಕೊಳ್ಳುವುದು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಇದೇ ಬಗೆಯ ಕ್ರಿಯೆ.

ರ್‍ಯಾಡಿಕಲ್: ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಅಣು. ಇಂಥ ಅಣುಗಳಲ್ಲಿ ಹಲವು ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ.

ಕಿಣ್ವ, ಅಂದರೆ ಎನ್‌ಜೈಮ್: ಕ್ರಿಯೆಯನ್ನು ವೇಗವಾಗಿಸುವ ಪ್ರೋಟೀನ್. ಕೆಲಸ ಮುಗಿದ ಮೇಲೂ ಅದು ಹಾಗೇ ಉಳಿಯುತ್ತದೆ.

ಆಕ್ಸಿಡೇಟಿವ್ ಒತ್ತಡ: ಎಲೆಕ್ಟ್ರಾನ್ ಕಿತ್ತುಕೊಳ್ಳುವವರ ಸಂಖ್ಯೆ, ಅವರನ್ನು ಸುಮ್ಮನಾಗಿಸುವವರ ಶಕ್ತಿಗಿಂತ ಜಾಸ್ತಿ ಆಗುವ ಸ್ಥಿತಿ.

ಇನ್ನು ಪ್ರತಿ ಹಂತದಲ್ಲೂ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಎಲೆಕ್ಟ್ರಾನ್ ಕೊಟ್ಟವರು ಯಾರು? ಕೊಟ್ಟವರ ಕೈ ಮತ್ತೆ ತುಂಬಿದ್ದು ಎಲ್ಲಿಂದ? ಉತ್ತರಗಳನ್ನು ಹಾಳೆಯ ಮೇಲೆ ಬಾಣದ ಗುರುತು ಹಾಕುತ್ತಾ ಬರೆಯಿರಿ. ಓದಿ ಮರೆಯುವುದಕ್ಕೂ ಬರೆದು ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಹಂತ 1: ಸೋರಿಕೆ ಎಲ್ಲಿಂದ ಅಂತ ಗುರುತಿಸಿ

ನಾವು ಉಸಿರಾಡಿದ ಆಕ್ಸಿಜನ್‌ನ ಬಹುಪಾಲು ಮೈಟೊಕಾಂಡ್ರಿಯಕ್ಕೆ ಹೋಗುತ್ತದೆ. ಶಕ್ತಿ ತಯಾರಾಗುವ ಜಾಗ ಅದು. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಅದರ ಒಳಪೊರೆಯಲ್ಲಿರುವ ಪ್ರೋಟೀನ್‌ಗಳ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತಾ ಕೊನೆಗೆ ಆಕ್ಸಿಜನ್ ಸೇರುತ್ತವೆ. ಒಂದು ಆಕ್ಸಿಜನ್ ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಸಿಕ್ಕಿದರೆ ನೀರಾಗುತ್ತದೆ. ಯಾವ ತೊಂದರೆಯೂ ಇಲ್ಲ.

ದಾರಿಯ ಮಧ್ಯೆ, ಮುಖ್ಯವಾಗಿ ಕಾಂಪ್ಲೆಕ್ಸ್ 1 ಮತ್ತು ಕಾಂಪ್ಲೆಕ್ಸ್ 3 ಎಂಬ ಎರಡು ಕಡೆ, ಕೆಲವು ಎಲೆಕ್ಟ್ರಾನ್‌ಗಳು ಜಾರಿಹೋಗುತ್ತವೆ. ಆಗ ಆಕ್ಸಿಜನ್‌ಗೆ ನಾಲ್ಕರ ಬದಲು ಒಂದೇ ಎಲೆಕ್ಟ್ರಾನ್ ಸಿಗುತ್ತದೆ. ಅದೇ ಸೂಪರ್‌ಆಕ್ಸೈಡ್. ನಿಮ್ಮ ಹಾಳೆಯ ಮೊದಲ ಬಾಣ ಇಲ್ಲಿಂದ ಹೊರಡಲಿ.

ಎಚ್ಚರ: "ಉಸಿರಾಡಿದ ಆಕ್ಸಿಜನ್‌ನಲ್ಲಿ ಶೇಕಡ 1ರಿಂದ 2ರಷ್ಟು ಸೂಪರ್‌ಆಕ್ಸೈಡ್ ಆಗುತ್ತದೆ" ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಆ ಅಂಕಿ ಹುಟ್ಟಿದ್ದು ಕೋಶದಿಂದ ಬೇರ್ಪಡಿಸಿದ ಮೈಟೊಕಾಂಡ್ರಿಯಗಳ ಮೇಲೆ, ಆಕ್ಸಿಜನ್ ಜಾಸ್ತಿ ಇದ್ದ ವಾತಾವರಣದಲ್ಲಿ ಮಾಡಿದ ಪ್ರಯೋಗಗಳಿಂದ. ಜೀವಂತ ಕೋಶದೊಳಗೆ ಸೋರಿಕೆ ಅದಕ್ಕಿಂತ ಎಷ್ಟೋ ಕಮ್ಮಿ. ಮೈಟೊಕಾಂಡ್ರಿಯ ಒಂದೇ ಮೂಲವೂ ಅಲ್ಲ. ವಿಕಿರಣ, ಸಿಗರೇಟಿನ ಹೊಗೆ, ಕೆಲವು ಔಷಧಿಗಳು, ಉರಿಯೂತ ಎಲ್ಲವೂ ಇದಕ್ಕೆ ಸೇರಿಕೊಳ್ಳುತ್ತವೆ.

ಹಂತ 2: ಸೂಪರ್‌ಆಕ್ಸೈಡ್‌ಗೆ ಮೊದಲ ತಡೆ

ಇದು ಎಸ್‌ಒಡಿ, ಅಂದರೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನ ಜಾಗ. ಈ ಕಿಣ್ವ ಎರಡು ಸೂಪರ್‌ಆಕ್ಸೈಡ್ ಅಣುಗಳನ್ನು ಹಿಡಿದು, ಒಂದರ ಎಲೆಕ್ಟ್ರಾನ್ ಇನ್ನೊಂದಕ್ಕೆ ಕೊಡಿಸುತ್ತದೆ. ಕಳೆದುಕೊಂಡದ್ದು ಮಾಮೂಲಿ ಆಕ್ಸಿಜನ್ ಆಗುತ್ತದೆ. ಪಡೆದದ್ದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಹೊರಗಿನಿಂದ ಯಾರೂ ಎಲೆಕ್ಟ್ರಾನ್ ಕೊಡಬೇಕಾಗಿಲ್ಲ. ಹಾಳೆಯ ಮೇಲೆ ಇದನ್ನು ಗುರುತು ಮಾಡಿಕೊಳ್ಳಿ, ಮುಂದಿನ ಹಂತಗಳಲ್ಲಿ ಎಲ್ಲ ಕಡೆ ಇಷ್ಟು ಅಗ್ಗದಲ್ಲಿ ಕೆಲಸ ಆಗುವುದಿಲ್ಲ.

1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಈ ಕಿಣ್ವದ ಕೆಲಸ ಏನೆಂದು ತೋರಿಸಿಕೊಟ್ಟರು. ಸೋಜಿಗ ಏನೆಂದರೆ ಆ ಪ್ರೋಟೀನ್ ಕೈಗೆ ಸಿಕ್ಕಿ ಮೂವತ್ತು ವರ್ಷ ಆಗಿತ್ತು. ತಾಮ್ರ ಇರುವ ಒಂದು ರಕ್ತದ ಪ್ರೋಟೀನ್ ಅಂತ 1938ರಲ್ಲೇ ಬೇರ್ಪಡಿಸಿದ್ದರು. ಅದು ಏನು ಮಾಡುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಮನುಷ್ಯರಲ್ಲಿ ಇದರ ಮೂರು ರೂಪಗಳಿವೆ. ಕೋಶದ ದ್ರವದಲ್ಲಿ ತಾಮ್ರ ಮತ್ತು ಸತುವಿನ ಎಸ್‌ಒಡಿ1, ಮೈಟೊಕಾಂಡ್ರಿಯದಲ್ಲಿ ಮ್ಯಾಂಗನೀಸ್‌ನ ಎಸ್‌ಒಡಿ2, ಕೋಶದ ಹೊರಗೆ ಎಸ್‌ಒಡಿ3. ಜಾಗಕ್ಕೊಬ್ಬರು ಯಾಕೆ? ಸೂಪರ್‌ಆಕ್ಸೈಡ್‌ಗೆ ಪೊರೆ ದಾಟುವುದು ಕಷ್ಟ. ಹುಟ್ಟಿದ ಜಾಗದಲ್ಲೇ ಅದನ್ನು ಹಿಡಿಯಬೇಕು. ಎಸ್‌ಒಡಿ1 ಇಲ್ಲದ ಇಲಿಗಳು ಬದುಕುತ್ತವೆ, ಆಯುಸ್ಸು ಕಡಿಮೆ ಅಷ್ಟೇ. ಎಸ್‌ಒಡಿ2 ಇಲ್ಲದ ಮರಿಗಳು ಹುಟ್ಟಿದ ಕೆಲವೇ ದಿನ ಅಥವಾ ವಾರಗಳಲ್ಲಿ ಸಾಯುತ್ತವೆ.

ಎಚ್ಚರ: ಎಸ್‌ಒಡಿ ಕೆಲಸ ಮಾಡಿತು ಅಂದರೆ ಅಪಾಯ ಮುಗಿಯಿತು ಅಂತಲ್ಲ. ಒಂದು ತೊಂದರೆ ಹೋಗಿ ಇನ್ನೊಂದು ಬಂದಿದೆ. ಪೆರಾಕ್ಸೈಡ್ ಸೂಪರ್‌ಆಕ್ಸೈಡ್‌ಗಿಂತ ನಿಧಾನಿ, ಆದರೆ ಪೊರೆ ದಾಟಿ ಓಡಾಡಬಲ್ಲದು.

ಹಂತ 3: ಪೆರಾಕ್ಸೈಡ್‌ ಅನ್ನು ನೀರಾಗಿಸುವುದು

ಈ ಕೆಲಸಕ್ಕೆ ಮೂರು ಗುಂಪುಗಳಿವೆ. ಕ್ಯಾಟಲೇಸ್, ಪೆರಾಕ್ಸಿರೆಡಾಕ್ಸಿನ್, ಗ್ಲುಟಾಥಯೋನ್ ಪೆರಾಕ್ಸಿಡೇಸ್.

ಕ್ಯಾಟಲೇಸ್ ಅನ್ನು ನೀವು ಕಣ್ಣಾರೆ ನೋಡಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ತನ್ನಿ. ಒಂದು ಆಲೂಗಡ್ಡೆಯ ಎರಡು ಹೋಳು ಮಾಡಿ. ಒಂದನ್ನು ಹಸಿಯಾಗಿ ಇಡಿ. ಇನ್ನೊಂದನ್ನು ಚೆನ್ನಾಗಿ ಬೇಯಿಸಿ ಪೂರ್ತಿ ಆರಲು ಬಿಡಿ. ಎರಡರ ಮೇಲೂ ನಾಲ್ಕಾರು ಹನಿ ಬಿಡಿ. ಹಸಿ ಹೋಳಿನ ಕತ್ತರಿಸಿದ ಮೈಮೇಲೆ ಸಣ್ಣ ಸಣ್ಣ ಗುಳ್ಳೆಗಳೆದ್ದು ಬಿಳಿ ನೊರೆ ಕಟ್ಟುತ್ತದೆ. ಆ ಗುಳ್ಳೆಗಳಲ್ಲಿರುವುದು ಆಕ್ಸಿಜನ್. ಬೆಂದ ಹೋಳಿನ ಮೇಲೆ ಹನಿ ಹಾಗೇ ಕೂತಿರುತ್ತದೆ, ಯಾಕೆಂದರೆ ಬಿಸಿಗೆ ಕಿಣ್ವದ ಆಕಾರ ಕೆಟ್ಟಿದೆ. ಬೆಂದದ್ದರ ನಡುವೆ ಎಲ್ಲಾದರೂ ಗುಳ್ಳೆ ಕಂಡರೆ ಅಷ್ಟು ಭಾಗ ಸರಿಯಾಗಿ ಬೆಂದಿಲ್ಲ ಅಂತ ತಿಳಿಯಿರಿ.

ಎಚ್ಚರ: ಶೇಕಡ 3ಕ್ಕಿಂತ ಗಟ್ಟಿ ದ್ರಾವಣ ಬಳಸಬೇಡಿ. ಶೇಕಡ 30ರದ್ದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ. ಪ್ರಯೋಗವನ್ನು ಮುಚ್ಚಿದ ಡಬ್ಬಿಯಲ್ಲಿ ಮಾಡಬೇಡಿ, ಒಳಗೆ ಒತ್ತಡ ಏರುತ್ತದೆ. ಪ್ರಯೋಗ ಮಾಡಿದ ಹೋಳುಗಳನ್ನು ತಿನ್ನಬೇಡಿ.

ಕ್ಯಾಟಲೇಸ್‌ನ ವೇಗ ನಂಬಲು ಕಷ್ಟ. ಪೆರಾಕ್ಸೈಡ್ ಹೇರಳವಾಗಿದ್ದರೆ ಅದರ ಒಂದೇ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯುತ್ತದೆ. ಇದಕ್ಕೂ ಹೊರಗಿನ ಎಲೆಕ್ಟ್ರಾನ್ ಬೇಡ. ಎಸ್‌ಒಡಿ ಹಾಗೆಯೇ ಇದೂ ಒಂದು ಅಣುವಿನದನ್ನು ಇನ್ನೊಂದಕ್ಕೆ ಕೊಡಿಸುತ್ತದೆ.

ಹಾಗಿದ್ದರೆ ಉಳಿದ ಎರಡು ಗುಂಪು ಯಾಕೆ? ಮಾಮೂಲಿ ದಿನಗಳಲ್ಲಿ ಕೋಶದಲ್ಲಿ ಪೆರಾಕ್ಸೈಡ್ ಇರುವುದೇ ತೀರಾ ಕಮ್ಮಿ, ನ್ಯಾನೊಮೋಲಾರ್ ಮಟ್ಟದಲ್ಲಿ. ಅಷ್ಟು ತೆಳುವಾಗಿದ್ದಾಗ ಕ್ಯಾಟಲೇಸ್‌ಗೆ ಎರಡು ಅಣು ಒಟ್ಟಿಗೆ ಸಿಗುವುದೇ ಅಪರೂಪ. ಸಾಲದ್ದಕ್ಕೆ ಅದು ಹೆಚ್ಚಾಗಿ ಪೆರಾಕ್ಸಿಸೋಮ್ ಎಂಬ ಸಣ್ಣ ಚೀಲಗಳೊಳಗೆ ಇರುತ್ತದೆ. ಉಳಿದ ಕಡೆ ದಿನನಿತ್ಯದ ಕೆಲಸ ಪೆರಾಕ್ಸಿರೆಡಾಕ್ಸಿನ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳದ್ದು. ಅವು ಸಣ್ಣ ಪ್ರಮಾಣವನ್ನೂ ಹೆಕ್ಕಿ ತೆಗೆಯುತ್ತವೆ. ಆದರೆ ಪುಕ್ಕಟೆಯಾಗಿ ಅಲ್ಲ, ಪ್ರತಿ ಬಾರಿಯೂ ಅವಕ್ಕೆ ಯಾರಾದರೂ ಎಲೆಕ್ಟ್ರಾನ್ ಕೊಡಬೇಕು.

ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳಲ್ಲಿ ಮುಖ್ಯವಾದ ಕೆಲವಕ್ಕೆ ಸೆಲೆನಿಯಂ ಎಂಬ ಖನಿಜ ಬೇಕು. ಈ ಸಂಗತಿ ತಿಳಿದದ್ದು 1973ರಲ್ಲಿ. ಸೆಲೆನಿಯಂ ಮನುಷ್ಯರಿಗೆ ಅಗತ್ಯ ಅನ್ನುವುದಕ್ಕೆ ಇದು ದೊಡ್ಡ ಕಾರಣ. ಹಾಗಂತ ಜಾಸ್ತಿ ತೆಗೆದುಕೊಂಡರೆ ಅದೇ ವಿಷ.

ಹಂತ 4: ಎಲೆಕ್ಟ್ರಾನ್ ಬರುವ ದಾರಿ ಹುಡುಕಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಹಂತ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಗ್ಲುಟಾಥಯೋನ್ ಅಂದರೆ ಗ್ಲುಟಮೇಟ್, ಸಿಸ್ಟೀನ್, ಗ್ಲೈಸೀನ್ ಎಂಬ ಮೂರು ಅಮೈನೊ ಆಮ್ಲಗಳ ಪುಟ್ಟ ಅಣು. ಕೋಶದೊಳಗೆ 1ರಿಂದ 10 ಮಿಲಿಮೋಲಾರ್‌ನಷ್ಟು ಇರುತ್ತದೆ. ಇಷ್ಟು ಪುಟ್ಟ ಅಣುವಿಗೆ ಇದು ಭಾರಿ ಪ್ರಮಾಣ. ಅದರ ಶಕ್ತಿ ಇರುವುದು ಸಿಸ್ಟೀನ್‌ನ ಗಂಧಕದಲ್ಲಿ. ಪೆರಾಕ್ಸೈಡ್‌ಗೆ ಎಲೆಕ್ಟ್ರಾನ್ ಕೊಟ್ಟ ಎರಡು ಗ್ಲುಟಾಥಯೋನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೀಗೆ ಜೋಡಿಯಾದದ್ದು ಕೆಲಸಕ್ಕೆ ಬಾರದು.

ಈ ಜೋಡಿಯನ್ನು ಬಿಡಿಸುವ ಕಿಣ್ವ ಗ್ಲುಟಾಥಯೋನ್ ರಿಡಕ್ಟೇಸ್. ಅದಕ್ಕೆ ಎಲೆಕ್ಟ್ರಾನ್ ಕೊಡುವುದು ಎನ್‌ಎಡಿಪಿಎಚ್ ಎಂಬ ಅಣು. ಪೆರಾಕ್ಸಿರೆಡಾಕ್ಸಿನ್ ಕಡೆಯೂ ಕಥೆ ಹೀಗೇ. ಅದಕ್ಕೆ ಥಯೊರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನ್ ಎಲೆಕ್ಟ್ರಾನ್ ಕೊಡುತ್ತದೆ, ಥಯೊರೆಡಾಕ್ಸಿನ್‌ಗೆ ಮತ್ತದೇ ಎನ್‌ಎಡಿಪಿಎಚ್. ನಿಮ್ಮ ಹಾಳೆಯಲ್ಲಿ ಈಗ ಎರಡು ಬಾಣಗಳು ಒಂದೇ ಹೆಸರಿಗೆ ಬಂದು ಸೇರಿರಬೇಕು. ಸೇರದಿದ್ದರೆ ಹಿಂದಿನ ಹಂತ ಇನ್ನೊಮ್ಮೆ ನೋಡಿ.

ಎನ್‌ಎಡಿಪಿಎಚ್‌ಗೆ ಎಲ್ಲಿಂದ? ಗ್ಲೂಕೋಸ್‌ನಿಂದ. ಕೋಶ ಸಕ್ಕರೆಯ ಒಂದು ಪಾಲನ್ನು ಪೆಂಟೋಸ್ ಫಾಸ್ಫೇಟ್ ಪಥ ಎಂಬ ಪಕ್ಕದ ದಾರಿಗೆ ತಿರುಗಿಸುತ್ತದೆ. ಆ ದಾರಿಯ ಮೊದಲ ಕಿಣ್ವ ಜಿ6ಪಿಡಿ. ಎನ್‌ಎಡಿಪಿಎಚ್‌ಗೆ ಬೇರೆ ದಾರಿಗಳೂ ಇವೆ, ಆದರೆ ರಕ್ಷಣೆಯ ಮಟ್ಟಿಗೆ ಇದೇ ದೊಡ್ಡದು. ಅಂದರೆ ರ್‍ಯಾಡಿಕಲ್‌ಗಳ ವಿರುದ್ಧದ ಇಂಧನ ಕೊನೆಗೂ ನಾವು ತಿಂದ ಆಹಾರದ ಎಲೆಕ್ಟ್ರಾನ್‌ಗಳೇ. ಸೋರಿಕೆ ಹುಟ್ಟಿದ್ದೂ ಆಹಾರದ ಎಲೆಕ್ಟ್ರಾನ್‌ನಿಂದ, ಅದನ್ನು ಸರಿಪಡಿಸಿದ್ದೂ ಅದರಿಂದಲೇ ಅಲ್ವಾ!

ಈ ಹಂತ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ನೋಡಿ.

ಮೊದಲನೆಯದು ಕೆಂಪು ರಕ್ತಕಣ. ಅದರಲ್ಲಿ ಮೈಟೊಕಾಂಡ್ರಿಯ ಇಲ್ಲ, ಎನ್‌ಎಡಿಪಿಎಚ್‌ಗೆ ಹೆಚ್ಚು ಕಡಿಮೆ ಪೂರ್ತಿಯಾಗಿ ಪೆಂಟೋಸ್ ಪಥವನ್ನೇ ನೆಚ್ಚಿಕೊಂಡಿದೆ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಹುಟ್ಟಿನಿಂದಲೇ ಜಿ6ಪಿಡಿ ಕೊರತೆ ಇದೆ. ಮಾಮೂಲಿ ದಿನಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್‌ನಂಥ ಔಷಧಿ ಹೊಟ್ಟೆಗೆ ಹೋದಾಗ ಆಕ್ಸಿಡೇಟಿವ್ ಒತ್ತಡ ಏಕಾಏಕಿ ಏರುತ್ತದೆ. ಗ್ಲುಟಾಥಯೋನ್ ಖಾಲಿಯಾಗುತ್ತದೆ, ತುಂಬಿಸುವವರಿಲ್ಲ, ರಕ್ತಕಣಗಳು ಒಡೆಯುತ್ತವೆ. ಪ್ರೈಮಾಕ್ವಿನ್ ತೆಗೆದುಕೊಂಡ ಕೆಲವರಿಗೇ ಯಾಕೆ ಹೀಗಾಗುತ್ತದೆ ಅಂತ ಹುಡುಕುತ್ತಾ ಹೋದಾಗ, 1956ರಲ್ಲಿ ಈ ಕೊರತೆ ಪತ್ತೆಯಾಯಿತು.

ಎರಡನೆಯದು ಪ್ಯಾರಾಸಿಟಮಾಲ್. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಸಣ್ಣ ಪಾಲು ಮಾತ್ರ ಯಕೃತ್ತಿನಲ್ಲಿ ವಿಷವಾಗಿ ಬದಲಾಗುತ್ತದೆ. ಗ್ಲುಟಾಥಯೋನ್ ಅದಕ್ಕೆ ಅಂಟಿಕೊಂಡು ಹೊರಗೆ ಸಾಗಿಸುತ್ತದೆ. ಮಿತಿಮೀರಿ ತೆಗೆದುಕೊಂಡರೆ ಗ್ಲುಟಾಥಯೋನ್ ಬರಿದಾಗಿ, ಆ ವಿಷ ಯಕೃತ್ತಿನ ಪ್ರೋಟೀನ್‌ಗಳಿಗೇ ಅಂಟುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್. ಹೊಸ ಗ್ಲುಟಾಥಯೋನ್ ಕಟ್ಟಲು ಬೇಕಾದ ಸಿಸ್ಟೀನ್ ಅದರಿಂದ ಸಿಗುತ್ತದೆ. ಮಾತ್ರೆ ನುಂಗಿದ 8 ಗಂಟೆಯೊಳಗೆ ಕೊಟ್ಟರೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಥ ಸಂದರ್ಭದಲ್ಲಿ ಹೊಟ್ಟೆನೋವು ಬರಲಿ ನೋಡೋಣ ಅಂತ ಕಾಯಲೇಬಾರದು. ಮೊದಲ ದಿನ ಏನೂ ಆಗದವರಂತೆ ಓಡಾಡಿಕೊಂಡಿರಬಹುದು, ಒಳಗೆ ಯಕೃತ್ತು ಕೆಡುತ್ತಿರುತ್ತದೆ.

ಎಚ್ಚರ: "ಹಾಗಾದರೆ ಗ್ಲುಟಾಥಯೋನ್ ಮಾತ್ರೆಯನ್ನೇ ನುಂಗಿದರಾಯಿತು" ಅನ್ನಿಸಬಹುದು. ನುಂಗಿದ್ದರ ಹೆಚ್ಚಿನ ಪಾಲು ಕರುಳಿನಲ್ಲೇ ತುಂಡಾಗುತ್ತದೆ. ಉಳಿದದ್ದೂ ಇಡಿಯಾಗಿ ಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಕೋಶ ತನಗೆ ಬೇಕಾದ್ದನ್ನು ಒಳಗೇ ತಯಾರಿಸಿಕೊಳ್ಳುತ್ತದೆ.

ಹಂತ 5: ಕಬ್ಬಿಣಕ್ಕೆ ಬೀಗ

ಪೆರಾಕ್ಸೈಡ್ ಬಿಡಿಯಾಗಿರುವ ಕಬ್ಬಿಣಕ್ಕೆ ಸಿಕ್ಕಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಈ ಕ್ರಿಯೆಗೆ ಫೆಂಟನ್ ಕ್ರಿಯೆ ಅಂತ ಹೆಸರು, 1894ರಲ್ಲಿ ಹೆನ್ರಿ ಫೆಂಟನ್ ಇದರ ಬಗ್ಗೆ ಬರೆದಿದ್ದರು. ಹೈಡ್ರಾಕ್ಸಿಲ್ ರ್‍ಯಾಡಿಕಲ್ ಬದುಕುವುದು ನ್ಯಾನೊಸೆಕೆಂಡುಗಳಷ್ಟು ಮಾತ್ರ. ಅಷ್ಟರಲ್ಲೇ ಎದುರಿಗೆ ಸಿಕ್ಕಿದ ಯಾವ ಅಣುವನ್ನೂ ಬಿಡುವುದಿಲ್ಲ. ಇದನ್ನು ಹಿಡಿಯಲು ಯಾವ ಕಿಣ್ವವೂ ಇಲ್ಲ, ಇರಲು ಸಾಧ್ಯವೂ ಇಲ್ಲ, ಯಾಕೆಂದರೆ ಕಿಣ್ವದ ಹತ್ತಿರ ತಲುಪುವ ಮೊದಲೇ ಅದು ಪಕ್ಕದ ಅಣುವಿಗೆ ಬಡಿದಿರುತ್ತದೆ.

ಹಾಗಾಗಿ ಕೋಶ ಅದು ಹುಟ್ಟದಂತೆಯೇ ನೋಡಿಕೊಳ್ಳುತ್ತದೆ. ಒಂದು ಕಡೆ ಪೆರಾಕ್ಸೈಡ್ ಕಮ್ಮಿ ಮಾಡುತ್ತದೆ, ಇನ್ನೊಂದು ಕಡೆ ಕಬ್ಬಿಣವನ್ನು ಬಚ್ಚಿಡುತ್ತದೆ. ಬಚ್ಚಿಡುವ ಜಾಗ ಫೆರಿಟಿನ್ ಎಂಬ ಟೊಳ್ಳು ಪ್ರೋಟೀನ್. 24 ತುಣುಕುಗಳು ಸೇರಿ ಆಗುವ ಈ ಗೋಳದೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ರಕ್ತದಲ್ಲಿ ಕಬ್ಬಿಣ ಸಾಗಿಸುವ ಟ್ರಾನ್ಸ್‌ಫೆರಿನ್ ಕೂಡ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಸಾಗಿಸುತ್ತದೆ.

ಎಚ್ಚರ: ಸುಸ್ತು ಅಂತ ಅನ್ನಿಸಿದ ಮಾತ್ರಕ್ಕೆ ರಕ್ತಪರೀಕ್ಷೆ ಇಲ್ಲದೆ ಕಬ್ಬಿಣದ ಮಾತ್ರೆ ನುಂಗುತ್ತಾ ಹೋಗಬೇಡಿ. ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಇಲ್ಲದವರ ದೇಹಕ್ಕೆ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ಸರಿಯಾದ ದಾರಿ ಇಲ್ಲ.

ಹಂತ 6: ಪೊರೆಯ ರಕ್ಷಣೆ

ಕೋಶದ ಪೊರೆ ಕೊಬ್ಬಿನಿಂದ ಆದದ್ದು. ಅಲ್ಲಿ ಒಂದು ಕೊಬ್ಬಿನ ಅಣು ಎಲೆಕ್ಟ್ರಾನ್ ಕಳೆದುಕೊಂಡರೆ ಅದು ಪಕ್ಕದ್ದನ್ನು ಹಿಡಿಯುತ್ತದೆ, ಆ ಪಕ್ಕದ್ದು ಇನ್ನೊಂದನ್ನು. ಎಣ್ಣೆ ಕಮಟು ಹಿಡಿಯುವುದು ಹೀಗೇ. ಈ ಸರಣಿಯನ್ನು ನಡುವೆ ಕಡಿಯುವುದು ವಿಟಮಿನ್ ಇ. ಅದು ಪೊರೆಯೊಳಗೇ ಕೂತು ತನ್ನ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ನಂತರ ಪೊರೆಯ ಅಂಚಿನಲ್ಲಿ, ನೀರಿನ ಕಡೆಯಿಂದ, ವಿಟಮಿನ್ ಸಿ ಅದರ ಕೈ ತುಂಬಿಸುತ್ತದೆ. ವಿಟಮಿನ್ ಸಿಗೆ ಗ್ಲುಟಾಥಯೋನ್, ಗ್ಲುಟಾಥಯೋನ್‌ಗೆ ಎನ್‌ಎಡಿಪಿಎಚ್. ನಿಮ್ಮ ಬಾಣ ಮತ್ತೆ ಅಲ್ಲಿಗೇ ಬಂತು.

ಆಗಲೇ ಕೆಟ್ಟ ಕೊಬ್ಬನ್ನು ಸರಿಪಡಿಸುವ ವಿಶೇಷ ಕಿಣ್ವ ಜಿಪಿಎಕ್ಸ್4. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಗುಂಪಿನದೇ. ಇದು ನಿಂತುಹೋಗಿ, ಕಬ್ಬಿಣವೂ ಇದ್ದರೆ, ಕೋಶ ಒಂದು ನಿರ್ದಿಷ್ಟ ಬಗೆಯಲ್ಲಿ ಸಾಯುತ್ತದೆ. ಅದಕ್ಕೆ 2012ರಲ್ಲಿ ಫೆರಾಪ್ಟೋಸಿಸ್ ಅಂತ ಹೆಸರಿಟ್ಟರು. ಕೆಲವು ಕ್ಯಾನ್ಸರ್ ಕೋಶಗಳನ್ನು ಈ ದಾರಿಯಲ್ಲಿ ಕೊಲ್ಲಬಹುದೇ ಅನ್ನುವ ಸಂಶೋಧನೆ ಈಗ ಜೋರಾಗಿ ನಡೆದಿದೆ.

ಹಂತ 7: ಎಚ್ಚರಿಕೆ ಗಂಟೆ

ಇಲ್ಲಿಯವರೆಗೆ ನೋಡಿದ ಕಿಣ್ವಗಳೆಲ್ಲ ಸದಾ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಬೇಕಾದಾಗ ಕೋಶ ಹೆಚ್ಚು ತಯಾರಿಸುತ್ತದೆ. ಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಎನ್‌ಆರ್‌ಎಫ್2 ಎಂಬ ಪ್ರೋಟೀನ್ ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೋಶ ಅದನ್ನು ಸದಾ ತಯಾರಿಸುತ್ತಲೇ ಇರುತ್ತದೆ, ಆದರೆ ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಶಾಂತ ಕೋಶದಲ್ಲಿ ಇದ್ದ ಎನ್‌ಆರ್‌ಎಫ್2 ಸುಮಾರು 20 ನಿಮಿಷಕ್ಕೆ ಅರ್ಧ ಆಗುತ್ತದೆ. ಕೀಪ್1ನ ಮೈಮೇಲೆ ಸೂಕ್ಷ್ಮವಾದ ಸಿಸ್ಟೀನ್‌ಗಳಿವೆ. ಆಕ್ಸಿಡೇಟಿವ್ ಒತ್ತಡ ಏರಿದಾಗ ಮೊದಲು ಬದಲಾಗುವುದು ಇವೇ. ಆಗ ಕೀಪ್1ನ ಹಿಡಿತ ಕೆಲಸ ಮಾಡುವುದಿಲ್ಲ. ಎನ್‌ಆರ್‌ಎಫ್2 ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಗ್ಲುಟಾಥಯೋನ್ ತಯಾರಿಸುವ ಕಿಣ್ವ, ಥಯೊರೆಡಾಕ್ಸಿನ್, ಫೆರಿಟಿನ್, ಜಿ6ಪಿಡಿ, ನಿಮ್ಮ ಹಾಳೆಯ ಅರ್ಧ ಹೆಸರುಗಳು ಈ ಪಟ್ಟಿಯಲ್ಲಿವೆ. ಸದಾ ತಯಾರಿಸಿ ಸದಾ ಬಿಸಾಡುವುದು ದುಂದುಗಾರಿಕೆ ಅನ್ನಿಸುತ್ತದೆ ನಿಜ. ಆದರೆ ಇದರಿಂದಲೇ ಅದು ಕ್ಷಣದಲ್ಲಿ ಎದ್ದು ನಿಲ್ಲಬಲ್ಲದು.

ತರಕಾರಿಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಎಲೆಕೋಸು, ಬ್ರೊಕೊಲಿ ಜಾತಿಯವುಗಳಲ್ಲಿ ಸಿಗುವ ಸಲ್ಫೊರಾಫೇನ್ ಆಂಟಿಆಕ್ಸಿಡೆಂಟ್ ಅಂತ ಹೆಸರು ಮಾಡಿದೆ. ಅದು ರ್‍ಯಾಡಿಕಲ್‌ಗಳಿಗೆ ಎಲೆಕ್ಟ್ರಾನ್ ಕೊಡುವುದರಿಂದ ಅಲ್ಲ. ಅದು ಹೋಗಿ ಕೀಪ್1ನ ಸಿಸ್ಟೀನ್‌ಗೆ ಅಂಟಿಕೊಂಡು ಗಂಟೆ ಬಾರಿಸುತ್ತದೆ. ಕೋಶದ ಮಟ್ಟಿಗೆ ಅದೊಂದು ಸಣ್ಣ ಕಿರಿಕಿರಿ, ಅಷ್ಟೇ.

ಎಚ್ಚರ: ಗಂಟೆ ಸದಾ ಬಾರಿಸುತ್ತಿರುವುದು ಒಳ್ಳೆಯದಲ್ಲ. ಎಷ್ಟೋ ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಕೀಪ್1 ಜೀನ್ ಕೆಟ್ಟಿರುತ್ತದೆ. ಆ ಕೋಶಗಳು ಇದೇ ರಕ್ಷಣೆಯನ್ನು ಬಳಸಿಕೊಂಡು ಚಿಕಿತ್ಸೆಯನ್ನೇ ತಡೆದುಕೊಳ್ಳುತ್ತವೆ.

ಹಂತ 8: ರಿಪೇರಿ

ಇಷ್ಟೆಲ್ಲ ತಡೆದರೂ ಒಂದಿಷ್ಟು ಹಾನಿ ಆಗಿಯೇ ಆಗುತ್ತದೆ. ಡಿಎನ್‌ಎಯಲ್ಲಿ ಅದರ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನೀನ್ ಆಕ್ಸಿಡೀಕರಣಗೊಂಡರೆ ಓಜಿಜಿ1 ಎಂಬ ಕಿಣ್ವ ಅದನ್ನು ಕಿತ್ತು ತೆಗೆಯುತ್ತದೆ, ಉಳಿದ ಕಿಣ್ವಗಳು ಹೊಸದನ್ನು ಕೂರಿಸುತ್ತವೆ. ಕೆಟ್ಟ ಪ್ರೋಟೀನ್‌ಗಳನ್ನು ಪ್ರೋಟಿಯಾಸೋಮ್ ಎಂಬ ಕೋಶದೊಳಗಿನ ಯಂತ್ರ ತುಂಡರಿಸುತ್ತದೆ. ಹೆಚ್ಚು ಸೋರುವ ಮೈಟೊಕಾಂಡ್ರಿಯಗಳನ್ನು ಕೋಶ ಇಡಿಯಾಗಿ ಸುತ್ತುವರಿದು ಜೀರ್ಣಿಸಿಕೊಳ್ಳುತ್ತದೆ. ಇದೂ ಸಾಲದಾದಾಗ ಕೋಶ ತನ್ನನ್ನೇ ಮುಗಿಸಿಕೊಳ್ಳುತ್ತದೆ.

ಈಗ ಮೊದಲ ಪ್ರಶ್ನೆಗೆ ಬನ್ನಿ: ಯಾವ ಮಾತ್ರೆ?

ನಿಮ್ಮ ಹಾಳೆ ನೋಡಿ. ವಿಟಮಿನ್ ಸಿ ಮತ್ತು ಇ ಅಲ್ಲಿ ಎರಡು ಕೊಂಡಿಗಳು ಮಾತ್ರ. ಆರೋಗ್ಯವಾಗಿರುವವರಲ್ಲಿ ಆ ಎರಡನ್ನು ಹೆಚ್ಚಿಸಿದರೆ ಉಳಿದ ಸರಪಳಿ ಬಲವಾಗುವುದಿಲ್ಲ. ದೊಡ್ಡ ಪ್ರಯೋಗಗಳೂ ಎಚ್ಚರಿಕೆಯನ್ನೇ ಹೇಳಿವೆ. ಫಿನ್‌ಲ್ಯಾಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಜಾಸ್ತಿ ಆಗಿತ್ತು. ಅಮೆರಿಕದ ಇನ್ನೊಂದು ಪ್ರಯೋಗವನ್ನು ಇದೇ ಬಗೆಯ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹೆಚ್ಚು ಪ್ರಮಾಣದ ವಿಟಮಿನ್ ಇ ಪಡೆದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡ 17ರಷ್ಟು ಹೆಚ್ಚಿದ್ದು 2011ರಲ್ಲಿ ವರದಿಯಾಯಿತು.

ರ್‍ಯಾಡಿಕಲ್‌ಗಳೆಲ್ಲ ಶತ್ರುಗಳು ಅಂದುಕೊಳ್ಳುವುದೂ ತಪ್ಪು. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ ಬೇಕೆಂದೇ ಸೂಪರ್‌ಆಕ್ಸೈಡ್ ತಯಾರಿಸಿ ರೋಗಾಣುಗಳನ್ನು ಕೊಲ್ಲುತ್ತದೆ. ಆ ಶಕ್ತಿ ಹುಟ್ಟಿನಿಂದಲೇ ಇಲ್ಲದ ಮಕ್ಕಳಿಗೆ ಪದೇ ಪದೇ ಗಂಭೀರ ಸೋಂಕು ತಗಲುತ್ತದೆ. ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಸಣ್ಣ ಪ್ರಮಾಣದ ರ್‍ಯಾಡಿಕಲ್‌ಗಳು ಕೋಶವನ್ನು ಎಚ್ಚರಿಸಿ, ರಕ್ಷಣಾ ಕಿಣ್ವಗಳನ್ನು ಹೆಚ್ಚಿಸುತ್ತವೆ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ಹೆಚ್ಚು ಪ್ರಮಾಣದ ವಿಟಮಿನ್ ಸಿ ಮತ್ತು ಇ ತೆಗೆದುಕೊಂಡವರಿಗೆ ವ್ಯಾಯಾಮದಿಂದ ದೇಹ ಇನ್ಸುಲಿನ್‌ಗೆ ಇನ್ನಷ್ಟು ಚೆನ್ನಾಗಿ ಸ್ಪಂದಿಸುವ ಲಾಭ ಸಿಗಲಿಲ್ಲ.

ಹಾಗಾಗಿ ಜಾಹೀರಾತು ಓದುವಾಗ ಹೀಗೆ ಮಾಡಿ. ಪ್ರಯೋಗ ನಡೆದದ್ದು ಟೆಸ್ಟ್ ಟ್ಯೂಬಿನಲ್ಲೋ ಮನುಷ್ಯರಲ್ಲೋ ನೋಡಿ. ಟೆಸ್ಟ್ ಟ್ಯೂಬಿನಲ್ಲಿ ರ್‍ಯಾಡಿಕಲ್ ಹಿಡಿಯುವ ವಸ್ತುಗಳು ಸಾವಿರಾರು ಇವೆ, ಅವುಗಳಲ್ಲಿ ಹೆಚ್ಚಿನವು ಕೋಶದೊಳಗೆ ಸಾಕಷ್ಟು ಪ್ರಮಾಣದಲ್ಲಿ ತಲುಪುವುದೇ ಇಲ್ಲ. ಮನುಷ್ಯರಲ್ಲಿ ನಡೆದಿದ್ದರೆ, ರಕ್ತದಲ್ಲಿ ಯಾವುದೋ ಅಂಕಿ ಬದಲಾಯಿತು ಅಂತ ಮಾತ್ರ ಹೇಳುತ್ತಾರೋ, ರೋಗ ಕಮ್ಮಿಯಾಯಿತು ಅಂತ ತೋರಿಸಿದ್ದಾರೋ ಗಮನಿಸಿ. ನಿಮಗೆ ಅಥವಾ ಮನೆಯವರಿಗೆ ಜಿ6ಪಿಡಿ ಕೊರತೆ ಇದ್ದರೆ ಯಾವುದೇ ಹೊಸ ಔಷಧಿಗೆ ಮೊದಲು ವೈದ್ಯರಿಗೆ ಹೇಳಿ. ಕೀಮೋಥೆರಪಿ ಅಥವಾ ರೇಡಿಯೇಷನ್ ನಡೆಯುತ್ತಿದ್ದರೆ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ಶುರು ಮಾಡಬೇಡಿ. ಆ ಚಿಕಿತ್ಸೆಗಳಲ್ಲಿ ಕೆಲವು ಕ್ಯಾನ್ಸರ್ ಕೋಶವನ್ನು ಕೊಲ್ಲುವುದೇ ರ್‍ಯಾಡಿಕಲ್‌ಗಳ ಮೂಲಕ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಡಬ್ಬಿಯನ್ನೇ ವೈದ್ಯರ ಬಳಿ ತೆಗೆದುಕೊಂಡು ಹೋಗಿ, ಪ್ರಮಾಣ ಎಷ್ಟೆಂದು ಅವರೇ ಓದಿ ನೋಡಲಿ.